ಇಟ್ಟಿಗೆ ಸಾಹುಕಾರನ ದಂಟಿನ ಗೋಡೆ

ಇಟ್ಟಿಗೆ ಸುಡುವ ಮನೆಗೆ ಸೊಸೆಯಾಗಿ ಬಂದವಳು ನಗುವುದಕ್ಕೆ ಬೇರೆ ಊರಿಗೆ ಹೋಗಬೇಕಾಗಿಲ್ಲ. ಇಲ್ಲಿ ಭಟ್ಟಿ ಆರಿದರೂ ಗಂಡಸರ ಜಂಬ ಆರುವುದಿಲ್ಲ. ಒಂದಲ್ಲ ಒಂದು ಪ್ರಸಂಗ ತಾನಾಗಿಯೇ ಬೆಂದು ಹೊರಗೆ ಬರುತ್ತದೆ. "ಐದು ತಲೆಮಾರಿನ ಕಂಪನಿ ನಮ್ದು" ಎಂದು ನಮ್ಮನೆಯವರು ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಾರೆ. ಆ ಚರಿತ್ರೆಯಲ್ಲಿ ಅವರು ನುಂಗಿಬಿಡುವ ಭಾಗವನ್ನು ನನಗೆ ಹೇಳಿದವರು ನಮ್ಮತ್ತೆ. ಅವರಿಗೆ ಹೇಳಿದವರು ಅವರತ್ತೆ. ರೊಟ್ಟಿ ಬಡಿಯುತ್ತ ಬಾಯಿಂದ ಬಾಯಿಗೆ ಬಂದ ಚರಿತ್ರೆ ಇದು. ಎಲ್ಲವೂ ಬಿಳಿ ದೊರೆಗಳು ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಕುದುರೆ ಓಡಿಸುತ್ತಿದ್ದ ಕಾಲದ್ದು. ಕಂಪನಿ ಹುಟ್ಟುಹಾಕಿದವನನ್ನು ಹಿರಿಯಜ್ಜ, ಅವನ ಹೆಂಡತಿಯನ್ನು ಹಿರಿಯಜ್ಜಿ ಎನ್ನುತ್ತೇನೆ. ಹೆಸರು ಹೇಳಿದರೆ ನಮ್ಮನೆಯವರು ಎರಡು ದಿನ ಊಟ ಬಿಡುತ್ತಾರೆ. ಮೂರನೇ ದಿನ ಇಬ್ಬರ ಪಾಲೂ ಉಣ್ಣುತ್ತಾರೆ.

೧. ಬಂಡೆಗಳ ಊರಲ್ಲಿ ಇಟ್ಟಿಗೆ ವ್ಯಾಪಾರ

ಹಿರಿಯಜ್ಜ ಕುರುಗೋಡಿನವನು. ಕುರುಗೋಡೆಂದರೆ ಎದ್ದರೆ ಗುಡ್ಡ, ಕುಂತರೆ ಬಂಡೆ. ಗುಡಿ ಕಲ್ಲು, ಮನೆ ಕಲ್ಲು, ದನ ಕಟ್ಟುವ ಗೂಟವೂ ಕಲ್ಲು. ಅಂಥ ಊರಲ್ಲಿ ಈ ಪುಣ್ಯಾತ್ಮ ಇಟ್ಟಿಗೆ ಸುಟ್ಟು ಮಾರಲು ಕೂತ.

ಮೊದಲು ಬಂದವನು ಊರಿನ ಒಬ್ಬ ಮುದುಕ. ಒಂದು ಇಟ್ಟಿಗೆ ಎತ್ತಿ ತಿರುಗಿಸಿ ನೋಡಿದ.

"ಏನಪಾ ಇದು?"

"ಇಟ್ಟಂಗಿ, ಯಜ್ಜಾ. ಮಣ್ಣು ತುಳಿದು, ಅಚ್ಚಿಗೆ ಹಾಕಿ, ಒಣಗಿಸಿ, ಸುಟ್ಟು ಕಲ್ಲಿನಂಗ ಗಟ್ಟಿ ಮಾಡೀನಿ."

"ಕಲ್ಲಿನಂಗ ಯಾಕ ಮಾಡ್ಬೇಕಲೇ? ಕಲ್ಲೇ ಬಿದ್ದೈತಲ್ಲ!"

ಅಲ್ಲಿ ಒಂದು ಇಟ್ಟಿಗೆಯೂ ಹೋಗಲಿಲ್ಲ. ಊರವರಿಗೆ ಬುದ್ಧಿಯಿಲ್ಲವೆಂದು ಬೈದು ಹಿರಿಯಜ್ಜ ಗಂಟು ಕಟ್ಟಿದ. ಇವತ್ತಿಗೂ ವ್ಯಾಪಾರ ಕೆಟ್ಟರೆ ನಮ್ಮ ಮನೆ ಗಂಡಸರು ಮಾಲು ನೋಡುವುದಿಲ್ಲ, ಗಿರಾಕಿಯ ತಲೆ ನೋಡುತ್ತಾರೆ.

೨. ಎಮ್ಮೆ ತಿಂದ ಗೋಡೆ

ಬಳ್ಳಾರಿಗೆ ಬಂದು ಸಂಗನಕಲ್ಲು ದಾರಿಯಲ್ಲಿ ಭಟ್ಟಿ ಹಾಕಿದ, ಪಕ್ಕದಲ್ಲೇ ಮನೆ ಮಾಡಿದ. ಸಿರುಗುಪ್ಪದಲ್ಲಿ ಹೆಣ್ಣು ಗೊತ್ತಾಯಿತು. ಅದು ಗದ್ದೆಯ ಸೀಮೆ. ಭಟ್ಟಿ ಉರಿಸಲು ಬೇಕಾದ ಭತ್ತದ ಹೊಟ್ಟು ಅಲ್ಲಿ ಗುಡ್ಡೆ ಗುಡ್ಡೆ. ಹೆಣ್ಣು ನೋಡಲು ಬಂದವನು ತನಗಿಂತ ಹೊಟ್ಟಿನ ಗುಡ್ಡೆಯನ್ನೇ ಹೆಚ್ಚು ಹೊತ್ತು ನೋಡಿದ ಎಂದು ಹಿರಿಯಜ್ಜಿ ಸಾಯುವ ತನಕ ಹೇಳುತ್ತಿದ್ದಳಂತೆ.

ಹೆಣ್ಣಿನ ಅಪ್ಪ ಕೇಳಿದ್ದು ಒಂದೇ ಮಾತು: "ನನ್ನ ಮಗಳು ಎಂಥಾ ಅಡಿಗಿಮನ್ಯಾಗ ಒಲಿ ಹಚ್ಚಬೇಕು?"

"ಸುಟ್ಟ ಇಟ್ಟಂಗಿ ಅಡಿಗಿಮನಿ, ಮಾವಾರ! ದೊರಿಗಳ ಬಂಗ್ಲೆದಾಗೂ ಅಂಥಾದ್ದು ಇರಂಗಿಲ್ಲ."

ಹಿರಿಯಜ್ಜಿ ಮದುವೆಯಾಗಿ ಬಂದು ನೋಡಿದರೆ ಅಡುಗೆಮನೆಗೆ ಮೂರು ಕಡೆ ಮಣ್ಣಿನ ಗೋಡೆ, ನಾಲ್ಕನೇ ಕಡೆ ಜೋಳದ ದಂಟಿನ ತಟ್ಟಿ.

"ಇದೇನ್ರಿ?"

"ಈ ಭಟ್ಟಿ ಇಳೀಲಿ, ಕಟ್ಟಿಸ್ತೀನಿ."

ಭಟ್ಟಿ ಇಳಿಯಿತು, ಇಟ್ಟಿಗೆ ಗಾಡಿ ಏರಿ ಹೋಯಿತು. ಮುಂದಿನದೂ ಹಾಗೆಯೇ. ಮಾರುವ ಮಾಲನ್ನು ಮನೆಗೆ ಹಚ್ಚಿದರೆ ದರಿದ್ರ ಎಂಬ ಶಾಸ್ತ್ರವನ್ನು ಅವನೇ ಹುಟ್ಟಿಸಿ, ಅವನೇ ನಂಬಿದ. ಇತ್ತ ಗಾಳಿಗೆ ಒಲೆ ಆರುತ್ತಿತ್ತು, ನಾಯಿ ನುಗ್ಗಿ ರೊಟ್ಟಿ ಹೊತ್ತೊಯ್ಯುತ್ತಿತ್ತು. ಆ ಒಂದು ಗೋಡೆಗಾಗಿ ಹಿರಿಯಜ್ಜಿ ಬೇಡದ ದೇವರಿರಲಿಲ್ಲ.

ಒಂದು ಮಧ್ಯಾಹ್ನ ಎಮ್ಮೆ ಹಗ್ಗ ಕಿತ್ತುಕೊಂಡು ಬಂದು ಗೋಡೆಯನ್ನೇ ಮೇಯ್ದಿತು. ಉಣ್ಣಲು ಕೂತ ಹಿರಿಯಜ್ಜನ ಗಂಗಾಳದಲ್ಲಿ ಏನಿದೆ ಎಂದು ಸಂಗನಕಲ್ಲು ದಾರಿಯಲ್ಲಿ ಹೋಗುವವರೆಲ್ಲ ನೋಡುವಂತಾಯಿತು.

"ಗೋಡಿ ತಿಂದು ಮುಗಿಸೋತನಕ ಏನು ಮಾಡಾಕ ಹತ್ತಿದ್ದಿ?" ಎಂದು ಗದರಿದ.

ಹಿರಿಯಜ್ಜಿ ಸಾರು ಬಡಿಸುತ್ತ ಹೇಳಿದಳು: "ಎಮ್ಮಿ ಗೋಡಿ ತಿಂದ್ರ ಸಂಜಿಗೆ ಹಾಲರ ಕೊಡ್ತೈತ್ರಿ. ನೀವು ನನ್ನ ಗೋಡಿ ತಿಂದು ಏನು ಕೊಟ್ರಿ?"

೩. ಹೆಂಗಸಿನ ನೆರಳು

ಮಣ್ಣು ತುಳಿಯುವವರು ಹೆಂಗಸರು. ನೀರು ಹೊರುವವರು, ಹಸಿ ಇಟ್ಟಿಗೆ ಸಾಗಿಸುವವರು ಹೆಂಗಸರು. ಹೊಟ್ಟು ಬರುವುದು ಹಿರಿಯಜ್ಜಿಯ ತವರಿನಿಂದ. ಆದರೆ ಭಟ್ಟಿಗೆ ಬೆಂಕಿ ಬಿದ್ದ ಗಳಿಗೆಯಿಂದ ಹೆಂಗಸು ಹತ್ತಿರ ಸುಳಿಯುವಂತಿಲ್ಲ. ಅವಳ ನೆರಳು ಬಿದ್ದರೆ ಇಟ್ಟಿಗೆ ಒಡೆಯುತ್ತವೆಯಂತೆ. ಅಷ್ಟು ದಿನ ಅವಳ ಕಾಲಡಿಯೇ ಬಿದ್ದಿದ್ದ ಮಣ್ಣಿಗೆ ಬೆಂಕಿ ಕಂಡ ಕೂಡಲೇ ಮಡಿ ಬಂದುಬಿಡುತ್ತಿತ್ತು.

ಒಂದು ಸಲ ಭಟ್ಟಿ ಹಚ್ಚಿ ಹಿರಿಯಜ್ಜ ಇಬ್ಬರು ಗೆಳೆಯರ ಜೊತೆ ಕಾವಲು ಕೂತ. ಕಾವಲೆಂದರೆ ಎಲೆ ಅಡಿಕೆ ಮತ್ತು ಮಾತು. ಹಗಲು ಹೊತ್ತಿನಲ್ಲೇ ಗಾಳಿ ತಿರುಗಿ ಮೂಡಣ ದಿಕ್ಕಿನ ಬೆಂಕಿ ಸತ್ತಿತು. ಮೂವರೂ ಬೆನ್ನು ಹಾಕಿ ಕೂತಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಭಟ್ಟಿ ಬಿಚ್ಚಿದಾಗ ಅರ್ಧ ಇಟ್ಟಿಗೆ ಹಸಿ.

ಹಿರಿಯಜ್ಜ ಹಣೆ ಬಡಿದುಕೊಂಡು ಹೆಂಡತಿಯ ಕಡೆ ತಿರುಗಿದ. "ಆ ಕಡಿ ಹೊಗಿ ನಿಂತಿದ್ದು ನಿನಗರ ಕಾಣ್ಲಿಲ್ಲೇನು?"

"ಕಂಡಿತ್ರಿ. ಗೋಡಿ ಇಲ್ಲಲ್ಲ, ಕುಂತಲ್ಲೇ ಎಲ್ಲಾ ಕಾಣ್ತೈತಿ."

"ಮತ್ತ ಬಂದು ಹೇಳಬಾರ್ದಾ?"

"ಬಂದಿದ್ರ ನನ್ನ ನೆರಳು ಬಿದ್ದು ಇಟ್ಟಂಗಿ ಒಡೀತಿದ್ವಲ್ರಿ."

ನಾಚಿಕೆಯಾಗುವ ಜಾತಿಯೇ ಅದಲ್ಲ. "ಹಂಗಾದ್ರ ಈ ಹಸಿ ಇಟ್ಟಂಗಿಲೇ ನಿನ್ನ ಗೋಡಿ ಕಟ್ಟಿಸ್ತೀನಿ ಬಿಡು" ಎಂದ, ದಾನ ಕೊಡುವವನ ಹಾಗೆ.

"ಬ್ಯಾಡ್ರಿ" ಎಂದಳು. "ದಂಟಿನ ಗೋಡಿ ಎಮ್ಮಿ ತಿಂದ್ರ ಹಾಲಾತು. ಇದನ್ನ ಮಳಿ ತಿಂದ್ರ ಬರೀ ರಾಡಿ."

೪. ದೇವರಾದ ಇಟ್ಟಿಗೆ

ಬಳ್ಳಾರಿಯ ಮೊದಲ ಭಟ್ಟಿಯಲ್ಲಿ ಕೈತಪ್ಪಿ ಒಂದು ಇಟ್ಟಿಗೆ ಅದ್ಭುತವಾಗಿ ಬೆಂದಿತ್ತು. ಮೂಲೆ ನೆಟ್ಟಗೆ, ಬಣ್ಣ ಕೆಂಪಗೆ, ಬೆರಳಲ್ಲಿ ಬಡಿದರೆ ಗಂಟೆಯ ನಾದ. ಹಿರಿಯಜ್ಜ ಅದನ್ನು ದೇವರ ಮಾಡದಲ್ಲಿಟ್ಟು ವಿಭೂತಿ ಹಚ್ಚಿ ಹೂ ಏರಿಸುತ್ತಿದ್ದ. ಗಿರಾಕಿ ಬಂದರೆ ಅದೇ ಇಟ್ಟಿಗೆ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಗೆ ಬರುತ್ತಿತ್ತು, ನಾದ ಕೇಳಿಸುತ್ತಿತ್ತು, ಮತ್ತೆ ಮಾಡ ಸೇರುತ್ತಿತ್ತು. ಗಾಡಿಯಲ್ಲಿ ಹೋಗುತ್ತಿದ್ದವು ಅದರ ದೂರದ ಸಂಬಂಧಿಕರು.

ಒಂದು ದಿನ ಕಂಟೋನ್ಮೆಂಟಿನಿಂದ ಒಬ್ಬ ದೊರೆ ಬಂದ, ಜೊತೆಗೆ ಬಿಳಿ ಕೋಟಿನ ದುಭಾಷಿ. ದೊರೆಗೆ ಕುದುರೆಲಾಯ ಕಟ್ಟಿಸಬೇಕಿತ್ತು. ದೇವರ ಇಟ್ಟಿಗೆ ಹೊರಗೆ ಬಂತು. ದೊರೆ ನೋಡಿದ, ಏನೋ ಅಂದ.

ದುಭಾಷಿ ಹೇಳಿದ: "ಒಂದು ಇಟ್ಟಂಗಿ ಯಾರಾದ್ರೂ ತೋರಿಸ್ತಾರಂತ. ನಿನ್ನ ಇಟ್ಟಂಗಿಲೇ ಕಟ್ಟಿದ ನಿನ್ನ ಮನಿ ತೋರಿಸ್ಬೇಕಂತ. ನಾಳಿ ಮಧ್ಯಾಹ್ನ ಬರ್ತಾರ ದೊರಿಗಳು."

ಹಿರಿಯಜ್ಜನ ಬಾಯಿಯ ಎಲೆ ಅಡಿಕೆ ಅಲ್ಲೇ ನಿಂತಿತು.

ಮರುದಿನ ಬೆಳಕು ಹರಿಯುತ್ತಲೇ ಕೆಲಸದವರೆಲ್ಲ ಅಡುಗೆಮನೆಯಲ್ಲಿದ್ದರು. ದಾರಿಗೆ ಎದುರಾಗುವುದು ಆ ಒಂದು ಕಡೆಯೇ. ಎಮ್ಮೆ ತಿಂದ ಮೇಲೆ ಮತ್ತೆ ಕಟ್ಟಿದ್ದ ದಂಟಿನ ತಟ್ಟಿ ಹಾರಿತು, ಆರಿಸಿದ ಇಟ್ಟಿಗೆ ಬಂದವು. ವರ್ಷಗಟ್ಟಲೆ ಕಾದಿದ್ದ ಹಿರಿಯಜ್ಜಿ ಮಣೆ ಹಾಕಿಕೊಂಡು ಕೂತಳು.

"ಆ ಮೂಲಿ ಸೊಟ್ಟ ಐತಿ, ಬಿಚ್ಚಿ ಕಟ್ರಿ."

"ಹೂಂ, ಹೂಂ, ಲಗೂನ ಬಿಚ್ಚರಿ!" ಎಂದ ಹಿರಿಯಜ್ಜ.

"ಒಲಿ ಮ್ಯಾಲೆ ಒಂದು ದೀಪದ ಗೂಡು ಬಿಡ್ರಿ. ಒಂದು ಇಟ್ಟಂಗಿಯಷ್ಟು ಸಾಕು."

"ಬಿಡ್ರಲೇ, ಬಿಡ್ರಿ!"

ಮಧ್ಯಾಹ್ನ ದೊರೆ ಬಂದು ಬೆತ್ತದಿಂದ ಗೋಡೆ ಬಡಿದು ತಲೆಯಾಡಿಸಿದ. ಅಷ್ಟರಲ್ಲಿ ಒರಗಿ ನಿಂತ ದುಭಾಷಿಯ ಕೋಟಿಗೆ ಹಸಿ ಮಣ್ಣು ಮೆತ್ತಿತು. ಹಿರಿಯಜ್ಜನ ಮುಖ ಬೂದಿಯಾಯಿತು.

"ಈಗಷ್ಟೇ ಸಾರಿಸೀನ್ರಿ, ದೊರಿಗಳು ಬರ್ತಾರಂತ" ಎಂದಳು ಹಿರಿಯಜ್ಜಿ, ಕಣ್ಣು ಮಿಟುಕಿಸದೆ.

ಕೆಲಸ ಸಿಕ್ಕಿತು. ಹಿರಿಯಜ್ಜ ದೊರೆಯನ್ನು ದಾರಿಯ ತನಕ ಕಳಿಸಿ, ಓಡಿ ಬಂದು ಮೊದಲು ಆಡಿದ ಮಾತು: "ಬಿಚ್ಚರಲೇ ಗೋಡಿ! ಮಣ್ಣು ಹಸಿ ಐತಿ, ಸಲೀಸು ಬರ್ತಾವ. ದೊರಿ ಗಾಡಿಗೆ ಹೇರ್ರಿ."

ಆಳುಗಳು ಒಳಗೆ ಹೋದವರು ಕೈಮುಗಿದು ಹಿಂದಕ್ಕೆ ಬಂದರು. "ನಮ್ಮ ಕೈಲೆ ಆಗಂಗಿಲ್ರಿ ಧಣೇರ."

ಹಿರಿಯಜ್ಜ ಇಣುಕಿದ. ದೀಪದ ಗೂಡಿನಲ್ಲಿ ದೀಪವಿರಲಿಲ್ಲ. ದೇವರ ಇಟ್ಟಿಗೆ ಅದರೊಳಗೆ ಬಿಗಿಯಾಗಿ ಕೂತಿತ್ತು, ಸುತ್ತ ಹಸಿ ಮಣ್ಣು ಮೆತ್ತಿತ್ತು. ವಿಭೂತಿ, ಹೂ, ಮುಂದೆ ಒಡೆದ ಕಾಯಿ.

"ಏನು ಮಾಡಿದಿ?"

"ದೇವರನ್ನ ಕೂಡಿಸೀನ್ರಿ. ಕಾಯಿ ಒಡದ ಮ್ಯಾಲೆ ಕೀಳ್ತೀನಂದ್ರ ಕೀಳ್ರಿ, ನಾ ಯಾಕ ಬ್ಯಾಡಂತೀನಿ?"

ಆಳುಗಳೆಲ್ಲ ನೋಡುತ್ತಿದ್ದರು. ಇಷ್ಟು ದಿನ ಅದಕ್ಕೆ ಹೂ ಏರಿಸಿದವನು ಈಗ ಏನು ಮಾಡಬೇಕು? ಅಡುಗೆಮನೆಯಲ್ಲೇ ಉದ್ದಕ್ಕೆ ಅಡ್ಡಬಿದ್ದ.

ಆ ಗೋಡೆ ಇವತ್ತಿಗೂ ಇದೆ. ಕೆಳಗೆ ನನ್ನ ಗ್ಯಾಸ್ ಒಲೆ. ಪ್ರತಿ ಭಟ್ಟಿ ಹಚ್ಚುವ ಮುಂಚೆ ಮನೆಯ ಯಜಮಾನ ಅದಕ್ಕೆ ಅಡ್ಡಬೀಳಲೇಬೇಕು. ಮದುವೆಯಾದಾಗಿನಿಂದ ಒಂದು ತಪ್ಪೂ ಒಪ್ಪಿಕೊಳ್ಳದ ನಮ್ಮನೆಯವರು ಒದ್ದೆ ಪಂಚೆಯಲ್ಲಿ ನೆಲಕ್ಕೆ ಹಣೆ ಹಚ್ಚುತ್ತಾರೆ. ಆ ಹೊತ್ತಿಗೆ ನಾನು ಒಲೆಯ ಮುಂದೆಯೇ ಇರುತ್ತೇನೆ. ಪಕ್ಕಕ್ಕೆ ಸರಿಯಬಹುದು. ಸರಿಯುವುದಿಲ್ಲ. "ನಾನೂ ಸರಿದಿಲ್ಲ, ನನ್ನ ಅತ್ತೀನೂ ಸರಿದಿಲ್ಲ" ಎಂದು ನಮ್ಮತ್ತೆ ನಾನು ಬಂದ ಹೊಸದರಲ್ಲೇ ಕಿವಿಯಲ್ಲಿ ಹೇಳಿದ್ದರು.

ಮೊನ್ನೆ ನನ್ನ ಮಗಳು ಬಾಗಿಲಲ್ಲಿ ನಿಂತು ನೋಡಿ ಕೇಳಿದಳು: "ಅವ್ವಾ, ಅಪ್ಪ ಯಾಕ ನಿನ್ನ ಕಾಲಿಗೆ ಬೀಳಾಕ ಹತ್ಯಾನ?"

"ಗೋಡಿಗವ್ವಾ, ಗೋಡಿಗೆ!" ಎಂದು ನೆಲದ ಮೇಲಿಂದ ಧ್ವನಿ ಬಂತು.

ನಾನು ಸೌಟು ಎತ್ತಿ ಹರಸಿದೆ: "ಇರ್ಲಿ ಬಿಡ್ರಿ, ಒಳ್ಳೇದಾಗ್ಲಿ. ಏಳ್ರಿ."