ಕಾಕಾರ ನೆಗ್ಗಿನ ಹೂ

ಟಿಣ್! ಜಮಖಂಡಿಯ ಕಾಕಾರ ಮನೆ ಎಂದರೆ ಇಂದಿಗೂ ನನ್ನ ಕಿವಿಗೆ ಮೊದಲು ಬರುವುದು ಈ ಸದ್ದು. ಖಾಲಿ ಪೌಡರ್ ಡಬ್ಬಿಗೆ ಮುಳ್ಳು ಬೀಳುವ ಸದ್ದು. ಲೋಕವೆಲ್ಲ ಅತಿಥಿಗಳ ಮುಖ ನೋಡಿ ಬರಮಾಡಿಕೊಂಡರೆ, ನಮ್ಮ ಕಾಕಾ ಅವರ ಚಪ್ಪಲಿ ನೋಡಿ ಬರಮಾಡಿಕೊಳ್ಳುತ್ತಿದ್ದರು! ಬಂದವರು ಒಳಗೆ ಚಹಾ ಕುಡಿಯುವಷ್ಟರಲ್ಲಿ ಇವರು ಹೊರಗೆ ಕುಳಿತು, ಚಪ್ಪಲಿಯ ಅಟ್ಟೆಗೆ ಚುಚ್ಚಿಕೊಂಡ ನೆಗ್ಗಿನ ಮುಳ್ಳುಗಳನ್ನು ಚಿಮಟದಿಂದ ಕೀಳುವರು.

ಲೋಕಾಪುರದಿಂದ ನನ್ನನ್ನು ನೋಡಲು ವರ ಬಂದ ದಿನವಾದರೂ ಸುಮ್ಮನಿದ್ದರೇ? ಹುಡುಗನ ಬೂಟಿನಲ್ಲಿ ಒಂದೂ ಮುಳ್ಳಿಲ್ಲ, ಇವನು ನೆಲದ ಮೇಲೆ ನಡೆದವನೇ ಅಲ್ಲ ಎಂದು ಎಲ್ಲರೆದುರು ಡಿಕ್ಲೇರ್ ಮಾಡಿಬಿಟ್ಟರು. ಆ ಸಂಬಂಧ ಅಲ್ಲಿಗೇ ಫಿನಿಶ್. ಮುಂದೆ ಏಳು ಮುಳ್ಳಿನ ಚಪ್ಪಲಿಯವರೇ ನನ್ನ ಮಿಸ್ಟರ್ ಆದರು. ನೋ ಕಂಪ್ಲೇಂಟ್ಸ್!

ಈ ಮುಳ್ಳುಗಳನ್ನೆಲ್ಲ ಏನು ಮಾಡುತ್ತಿದ್ದರು ಅಂತೀರಿ? ಅಂಗಳದ ಅಂಚಿಗೆ ಬಿತ್ತುತ್ತಿದ್ದರು! ಕುರಿ ಮೇಯುವ ಬರಡು ದಿಬ್ಬದ ಆ ಹೂ ತಮ್ಮ ಬಾಗಿಲಲ್ಲಿ ಅರಳಬೇಕು, ಅದೊಂದೇ ಆಸೆ. ಕಾನ್ವೆಂಟಿನಲ್ಲಿ ರೋಸ್, ಲಿಲಿಯ ಸ್ಪೆಲ್ಲಿಂಗ್ ಕಲಿತಿದ್ದ ನನ್ನನ್ನು ದಿಬ್ಬಕ್ಕೆ ಎಳೆದೊಯ್ದು, ಮಂಡಿಯೂರಿಸಿ, ಲೆನ್ಸ್ ಹಿಡಿಸಿದರು. ಐದು ಹಳದಿ ಎಸಳು, ಹತ್ತು ಕೇಸರ, ಒಂದೇ ಮಳೆಗಾಲದ ಆಯುಷ್ಯ. ಒಂದು ಬಳ್ಳಿ ಕಿತ್ತು ಮನೆಗೂ ತಂದರು.

"ಎಲಿ ನೋಡು ತಂಗಿ. ಎದುರಾಬದುರು ಜೋಡಿ ಅದಾವ, ಆದ್ರ ಒಂದು ದೊಡ್ಡದು, ಒಂದು ಸಣ್ಣದು. ನಾನೂ ನಿಮ್ಮ ಕಾಕಿನೂ ಇದ್ದಂಗ."

ಕಸಬರಿಗೆ ಹಿಡಿದು ನಿಂತಿದ್ದ ಕಾಕಿ ಬಿಟ್ಟಾಳೆಯೇ? "ದೊಡ್ಡದು ಯಾರಂತ ಕೇಳವಾ ಅವರನ್ನ."

ಕಾಕಾ ಲೆನ್ಸ್ ಒರೆಸುತ್ತ ಕುಳಿತರು.

ಬರಿಗಾಲಲ್ಲಿ ಆಡುವ ಮಕ್ಕಳ ಮನೆ. ಮೊಳಕೆ ಕಂಡರೆ ಸಾಕು, ಕಾಕಿ ಕಿತ್ತೆಸೆಯುವಳು. ಪ್ರತಿ ವರ್ಷ ಇದೇ ಯುದ್ಧ. ಕಾಕಾ ಮಾತ್ರ ಕೂಲ್. "ಕೀಳಲಿ ಬಿಡು. ಎಲ್ಲಾ ಬೀಜ ಒಂದ ಮಳಿಗೆ ಏಳೂದಿಲ್ಲ. ಕೆಲವು ಕಾಯ್ತಾವ."

ಕಳೆದ ಮಳೆಗಾಲದಲ್ಲಿ ನಾನು ಹೋದಾಗ ಕಾಕಾರ ಕಣ್ಣು ಪೂರ್ತಿ ಹೋಗಿತ್ತು. ನನ್ನ ಚಪ್ಪಲಿಯನ್ನು ಯಾರೂ ಮುಟ್ಟಲಿಲ್ಲ. ಆದರೆ ಅಂಗಳದ ಅಂಚಿನಲ್ಲಿ, ಮೂರು ಕಲ್ಲುಗಳ ನಡುವೆ, ನೆಗ್ಗಿನ ಬಳ್ಳಿ! ಒಂದೇ ಒಂದು ಹಳದಿ ಹೂ. ಯಾರೂ ತುಳಿಯದಂತೆ ಕಲ್ಲಿಟ್ಟು ಕಾದವಳು ಕಾಕಿ.

ಬೆಳಗಿನ ಬಿಸಿಲಿಗೆ ಹೂ ಬಿರಿದೊಡನೆ ಕಾಕಾರನ್ನು ಕೈಹಿಡಿದು ತಂದು ಕೂರಿಸಿದಳು. ಅವರ ಬೆರಳು ಹಿಡಿದು ಎಸಳು ಎಣಿಸಿದಳು. ಆಮೇಲೆ ಎಲೆಗೆ ಒಯ್ದಳು.

"ಇದು ದೊಡ್ಡದು ನೋಡ್ರಿ. ಇದು ನೀವು."

ಕಾಕಾ ಬೆರಳು ಸರಿಸಿ, ತಡಕಾಡಿ, ಎದುರಿನ ಎಲೆ ಹುಡುಕಿದರು.

"ಅಲ್ಲ. ನಾ ಇದು."

ನನಗೆ ಬಸ್ಸಿಗೆ ಹೊತ್ತಾಗಿತ್ತು. ಗೇಟಿನಿಂದ ತಿರುಗಿ ನೋಡಿದೆ. ಬೆರಳು ಇನ್ನೂ ಆ ಸಣ್ಣ ಎಲೆಯ ಮೇಲೇ ಇತ್ತು. ಕಾಕಾರನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.