ಒಂದೇ ಕೀಲಿಯ ಬೀಗ

ಬೀಗದಣ್ಣನ ಕೈಗೆ ಒಂದು ಚಾಳಿ ಇತ್ತು. ಯಾವ ಬಾಗಿಲು ದಾಟಿದರೂ ಬೀಗ ಹಾಕಿ, ಜಗ್ಗಿ ಜಗ್ಗಿ ನೋಡದಿದ್ದರೆ ಆ ಕೈಗೆ ಸಮಾಧಾನವಿಲ್ಲ. ಬೀಗ ಮಾಡುವುದೇ ಅವನ ಕಸುಬು. ಓಣಿಯ ಅಷ್ಟೂ ಮನೆಯ ಬಾಗಿಲುಗಳಲ್ಲಿ ಕೂತಿದ್ದುದು ಅವನದೇ ಬೀಗ, ಹಾಗಾಗಿ ಜಂಬ ಕೊಂಚ ಹೆಚ್ಚೇ. ಬಾಗಿಲಿನೊಳಗೇ ಹುದುಗಿಸಿದ ಬೀಗ; ಒಳಗಿಂದ ತೆಗೆಯಲಿ, ಹೊರಗಿಂದ ತೆಗೆಯಲಿ, ಒಂದು ಬೀಗಕ್ಕೆ ಒಂದೇ ಕೀಲಿ.

“ಕೀಲಿ ಕಳೆದ್ರೆ ಮಾಡಿದ ನಾನೇ ಬಂದ್ರೂ ತೆಗೆಯೋಕಾಗಲ್ಲ,” ಎಂದು ಗಿರಾಕಿಗಳ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದ.

ಆ ಭಾನುವಾರ ಮಗಳು ಪುಟ್ಟಿಯ ಕಾಟ ತಡೆಯಲಾರದೆ ಸಮುದ್ರಕ್ಕೆ ಹೊರಟ. “ಮರಳು ಮೆತ್ತಿಸ್ಕೊಳ್ಳೋಕೆ ಅಷ್ಟು ದೂರ ಯಾಕೆ? ನೀವು ಹೋಗಿ ಬನ್ನಿ,” ಎಂದು ಅವನ ಅಮ್ಮ ಹೊದಿಕೆ ಎಳೆದುಕೊಂಡು ಮಲಗಿದಳು. ಸುದ್ದಿ ಹೇಗೋ ಹಬ್ಬಿ, ಪಕ್ಕದ ಮನೆ ಮೇಷ್ಟ್ರು, ಎದುರು ಮನೆ ಟೈಲರಕ್ಕ ಇಬ್ಬರೂ ಸಂಸಾರ ಸಮೇತ ಅದೇ ಬಸ್ಸು ಹತ್ತಿದರು.

ಮೇಷ್ಟ್ರು ಮರಳಲ್ಲಿ ದೊಡ್ಡ ಕೊಡೆ ನೆಟ್ಟು ಚಾಪೆ ಹಾಸಿದರು. “ಇಲ್ಲಿಗೆ ಬಂದ್ಮೇಲೆ ಬಾಯಿ ಮುಚ್ಕೊಂಡು ಅಲೆ ನೋಡ್ಬೇಕು. ಅದೇ ಸುಖ,” ಎಂದವರು ಆಮೇಲೆ ಬಾಯಿ ಮುಚ್ಚಲೇ ಇಲ್ಲ.

“ಅಲೆ ನೋಡಿದ್ರೆ ಹೊಟ್ಟೆ ತುಂಬುತ್ತಾ? ತಿಂಡಿ ಚೆನ್ನಾಗಿದ್ರೆ ಎಲ್ಲಾ ಚೆನ್ನಾಗಿರುತ್ತೆ,” ಎನ್ನುತ್ತ ಟೈಲರಕ್ಕ ಬೀಗದಣ್ಣನ ಹೆಂಡತಿ ತಂದಿದ್ದ ಡಬ್ಬಿಗೆ ಕೈ ಹಾಕಿದಳು.

ಬೀಗದಣ್ಣನ ಲೆಕ್ಕದಲ್ಲಿ ಸುಖವೆಂದರೆ ಸಾಮಾನು ಭದ್ರವಾಗಿರುವುದು. ನೀರಿಗಿಳಿಯುವ ಮುನ್ನ ಅವನು ಮನೆಯ ಕೀಲಿಯನ್ನು ಕರವಸ್ತ್ರದಲ್ಲಿ ಸುತ್ತಿ, ಅತ್ತಿತ್ತ ನೋಡಿ, ಮೇಷ್ಟ್ರ ಕೊಡೆಯ ಬುಡದಲ್ಲಿ ಹೂತಿಟ್ಟ. ಹೆಂಡತಿಗೂ ಹೇಳಲಿಲ್ಲ.

ಅಲೆಯಲ್ಲಿ ಚೆನ್ನಾಗಿ ಉರುಳಾಡಿ ಮೇಲೆ ಬಂದಾಗ ಪುಟ್ಟಿ ಚಿಪ್ಪು ಆರಿಸುತ್ತಿದ್ದಳು.

“ಇದು ಅಜ್ಜಿಗೆ. ಅಪ್ಪ, ನೀನು ಬೀಗ ಹಾಕ್ಕೊಂಡು ಬಂದೆಯಲ್ಲ, ಅಜ್ಜಿ ಆಚೆ ಹೆಂಗೆ ಬರ್ತಾಳೆ?”

ಬೀಗದಣ್ಣ ಒದ್ದೆ ಬಟ್ಟೆಯಲ್ಲೇ ಕೊಡೆಯತ್ತ ಓಡಿದ.

ಹೆಂಡತಿ ತಲೆಯ ಮೇಲೆ ಕೈಹೊತ್ತು ಕೂತಳು. “ಅತ್ತೆ ಎದ್ದ ಕೂಡ್ಲೇ ಒಲೆ ಮೇಲೆ ಹಾಲಿಟ್ಟು ಮತ್ತೆ ನಿದ್ದೆ ಹೋಗ್ತಾರೆ. ಬೆಂಕಿಗಿಂಕಿ ಹತ್ತಿದ್ರೆ ಏನ್ರೀ ಗತಿ? ಅವರ ಫೋನೂ ಫೋಟೋಗೆ ಅಂತ ನಾನೇ ತಂದಿದೀನಿ. ಕೀಲಿ ಎಲ್ಲಿ?”

“ಕೊಡೆ ಬುಡದಲ್ಲಿ.”

“ಯಾವ ಬುಡ?” ಎಂದರು ಮೇಷ್ಟ್ರು. “ನೆರಳು ಸರಿದ ಹಾಗೆಲ್ಲ ನಾನು ಕೊಡೆ ಕಿತ್ತು ಕಿತ್ತು ನೆಡ್ತಾ ಇದೀನಿ.”

ಬೀಗದಣ್ಣ ಮೊಣಕಾಲೂರಿ ನಾಯಿಯ ಹಾಗೆ ಮರಳು ಕೆದರತೊಡಗಿದ. ದಾರಿಹೋಕನೊಬ್ಬ ನಿಂತು, “ಏನ್ ಹುಡುಕ್ತಿದೀರಿ?” ಎಂದ.

“ಅಮ್ಮ ಒಳಗಿದಾಳೆ,” ಎಂದ ಬೀಗದಣ್ಣ, ತಲೆ ಎತ್ತದೆ.

ಆ ಮನುಷ್ಯನ ಮುಖ ಬಿಳಿಚಿಕೊಂಡಿತು. ಮುದುಕಿಯೊಬ್ಬಳು ಮರಳಲ್ಲಿ ಹೂತುಹೋಗಿದ್ದಾಳೆಂದು ಅವನು ಕೂಗಿದ್ದೇ ತಡ, ದಡದಲ್ಲಿದ್ದವರೆಲ್ಲ ಓಡಿ ಬಂದರು. ಕೈಯಲ್ಲಿ, ತಟ್ಟೆಯಲ್ಲಿ, ಚಪ್ಪಲಿಯಲ್ಲಿ ಅಗೆದರು. ಒಬ್ಬ ಹೆಂಗಸು ಅಗೆಯುತ್ತಲೇ ಅಳುತ್ತಿದ್ದಳು. ಹುಡುಕುತ್ತಿರುವುದು ಅಮ್ಮನನ್ನಲ್ಲ, ಕೀಲಿಯನ್ನು ಎಂದು ಹೇಳಲು ಬೀಗದಣ್ಣನಿಗೆ ಧೈರ್ಯ ಬರಲಿಲ್ಲ. ಒಳಗೊಳಗೇ ಅಮ್ಮನ ಮುಖ, ಒಲೆ, ಹೊಗೆ ಎಲ್ಲ ಕಣ್ಣಿಗೆ ಕಟ್ಟಿ ಅವನೂ ಗಳಗಳನೆ ಅತ್ತುಬಿಟ್ಟ.

ಕೊನೆಗೆ ಟೈಲರಕ್ಕ ಒಂದು ಬಟ್ಟೆಯ ಅಂಚು ಹಿಡಿದೆಳೆದು, “ಈ ಹೊಲಿಗೆ ನಂದೇ,” ಎಂದಳು. ಕರವಸ್ತ್ರದಿಂದ ಕೀಲಿ ಉದುರಿತು. ಅಗೆದವರೆಲ್ಲ ಇಷ್ಟಕ್ಕೇನಾ ಎಂದು ಮೈಮೇಲೆ ಏರಿ ಬರುವಷ್ಟರಲ್ಲಿ ಮೂರು ಸಂಸಾರವೂ ಬಸ್ಸಿನೊಳಗಿತ್ತು.

ದಾರಿಯುದ್ದಕ್ಕೂ ಹೆಂಡತಿ ಬೇಗ ಓಡಿಸಿ ಎಂದು ಡ್ರೈವರನ ಬೆನ್ನು ಹತ್ತಿದ್ದಳು. ಮೇಷ್ಟ್ರು ಮಾತ್ರ ಮೆಚ್ಚಿ ತಲೆದೂಗಿದರು. “ನೀವೇ ಇಷ್ಟು ಹೆದರ್ತೀರಿ ಅಂದ್ರೆ ಬೀಗ ಗಟ್ಟಿನೇ ಬಿಡಿ. ನಮ್ಮ ಹಿಂಬಾಗಿಲಿಗೂ ಒಂದು ಮಾಡ್ಕೊಡಿ.”

“ನಮಗೂ,” ಎಂದಳು ಟೈಲರಕ್ಕ. ಅಷ್ಟು ಸಂಕಟದಲ್ಲೂ ಬೀಗದಣ್ಣನ ಮೀಸೆ ಸ್ವಲ್ಪ ಮೇಲೆದ್ದಿತು.

ಓಣಿಗೆ ಕಾಲಿಟ್ಟವನೇ ಕೀಲಿ ಮುಂದೆ ಹಿಡಿದು ಓಡಿದ. ಮನೆ ಬಾಗಿಲು ಹಾರುಹೊಡೆದಿತ್ತು. ಅಮ್ಮ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು.

“ಬಂದ್ರಾ? ಸಮುದ್ರ ಚೆನ್ನಾಗಿತ್ತಾ?”

“ಅಮ್ಮ, ನೀನು... ಬೀಗ...”

“ನೀನು ಹಾಕ್ಕೊಂಡು ಹೋಗಿದ್ದೆ. ತಲೆಪಿನ್ನು ತೂರಿಸಿ ತಿರುಗಿಸ್ದೆ, ಬಂತು.” ಅಮ್ಮ ಒಂದು ಗುಟುಕು ಹೀರಿದಳು. “ಹಾಲು ಉಕ್ಕಿ ಹೋಯ್ತು ಕಣೋ. ಅದಕ್ಕೆ ಟೈಲರಕ್ಕನ ಅಡುಗೆಮನೆಯಿಂದ ತಂದ್ಕೊಂಡೆ. ಮೇಷ್ಟ್ರೇ, ನಿಮ್ಮ ಬಚ್ಚಲಲ್ಲಿ ನಲ್ಲಿ ಸುರಿಯೋ ಸದ್ದು ಕೇಳಿಸ್ತು. ಒಳಗೆ ಹೋಗಿ ನಿಲ್ಲಿಸಿದೀನಿ.”

ಮೇಷ್ಟ್ರು ತಮ್ಮ ಕೈಯಲ್ಲಿದ್ದ ಕೀಲಿ ನೋಡಿದರು. ಟೈಲರಕ್ಕ ತನ್ನದನ್ನು ನೋಡಿದಳು. ಆಮೇಲೆ ಇಬ್ಬರೂ ಬೀಗದಣ್ಣನನ್ನು ನೋಡಿದರು. ಅವನಿಗೆ ಮತ್ತೆ ಮರಳಿಗೇ ಹೋಗಿ ಹೂತುಕೊಳ್ಳಬೇಕೆನಿಸಿತು.

ಅಮ್ಮ ತುರುಬಿನಿಂದ ಪಿನ್ನು ಕಿತ್ತು ಮಗನ ಅಂಗೈಗಿಟ್ಟಳು.

“ಮೂರು ಮನೆ ತೆಗೆದು ಡೊಂಕಾಗಿದೆ. ಒಂಚೂರು ನೆಟ್ಟಗೆ ಮಾಡ್ಕೊಡು. ಅದಾದ್ರೂ ಬರುತ್ತಲ್ಲ ನಿಂಗೆ?”