ತಾಯಮ್ಮನ ಪ್ಯಾರಿಸ್ಸಿಗೆ ನನ್ನ ಹನ್ನೊಂದು ಸಲಹೆಗಳು

ಗೊತ್ತಿಲ್ಲ ಎಂಬ ಮಾತು ನಮ್ಮ ಪಿರಿಯಾಪಟ್ಟಣದ ಕಡೆ ಯಾರ ಬಾಯಲ್ಲೂ ಸುಲಭಕ್ಕೆ ಬರುವುದಿಲ್ಲ. ಬೆಟ್ಟದಪುರದ ಬಸ್ಸು ನಿಲ್ಲುವ ಜಾಗದಲ್ಲಿ ನಿಂತು ಸಾಲಿಗ್ರಾಮಕ್ಕೆ ಹೇಗೆ ಹೋಗಬೇಕೆಂದು ಕೇಳಿ ನೋಡಿ. ಒಬ್ಬರನ್ನು ಕೇಳಿದರೆ ನಾಲ್ವರು ಹೇಳುತ್ತಾರೆ. ಅವರಲ್ಲಿ ಇಬ್ಬರು ಸಾಲಿಗ್ರಾಮವನ್ನು ಕಂಡವರೇ ಆಗಿರುವುದಿಲ್ಲ, ಆದರೆ ಗಟ್ಟಿ ದನಿ ಮಾತ್ರ ಅವರದ್ದೇ. ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಮರ್ಯಾದೆ ಅದು. ನಾನೂ ಅದನ್ನು ಚಾಚೂ ತಪ್ಪದೆ ಪಾಲಿಸಿಕೊಂಡು ಬಂದವನು. ಹಾಗೆ ಪಾಲಿಸಲು ಹೋಗಿ ಒಬ್ಬ ಹೆಂಗಸಿಗೆ ಜೀವನದಲ್ಲಿ ಒಂದೇ ಸಲ ಸಿಕ್ಕಿದ ಒಂದು ದಿನವನ್ನು ಹಾಳು ಮಾಡಿದೆನೆಂದು ತಿಳಿದು, ಎಂಟು ದಿನ ನನಗೆ ಅನ್ನ ಸರಿಯಾಗಿ ಇಳಿಯಲಿಲ್ಲ. ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ. ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬೇರೆ ಮಾಡಿ ಹೇಳುತ್ತೇನೆ.

ನಾನಾಗ ಬೆಟ್ಟದಪುರದ ಹೈಸ್ಕೂಲಿನಲ್ಲಿ ಸಮಾಜದ ಮೇಷ್ಟ್ರು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಮ್ಮಿಂದ ಮೂರು ಮನೆ ಆಚೆ ತಾಯಮ್ಮ ಮತ್ತು ಆಕೆಯ ಗಂಡ ಸ್ವಾಮಣ್ಣ ಇದ್ದರು. ತಂಬಾಕು ಬೆಳೆಯುವವರು. ಬ್ಯಾರನ್ನಿನಲ್ಲಿ, ಅಂದರೆ ಎಲೆ ಒಣಗಿಸುವ ಬಿಸಿಗೂಡಿನಲ್ಲಿ, ಬೇಯಿಸಿ ತೆಗೆದ ಎಲೆಯನ್ನು ಬಣ್ಣ ನೋಡಿ ಗುಡ್ಡೆ ಮಾಡುವುದರಲ್ಲಿ ತಾಯಮ್ಮನ ಸಮಕ್ಕೆ ಸುತ್ತಮುತ್ತ ಯಾರೂ ಇರಲಿಲ್ಲ. ನಿಂಬೆಹಣ್ಣಿನ ಬಣ್ಣದ್ದು ಒಂದು ಕಡೆ, ಕಿತ್ತಳೆಯದ್ದು ಒಂದು ಕಡೆ, ಕಂದು ತಿರುಗಿದ್ದು ಇನ್ನೊಂದು ಕಡೆ, ಹಸಿರು ಛಾಯೆ ಉಳಿದದ್ದು ಎಲ್ಲಕ್ಕಿಂತ ದೂರ. ನಾವು ನಾಲ್ಕು ಜನ ಬೆಳಕಿಗೆ ಹಿಡಿದು ವಾದ ಮಾಡುವ ಎಲೆಯನ್ನು ಆಕೆ ಮಾತಾಡುತ್ತಲೇ ಅದರ ಗುಡ್ಡೆಗೆ ಎಸೆಯುತ್ತಿದ್ದಳು. ಎಲೆ ಕೊಳ್ಳುವ ಒಂದು ಕಂಪನಿಯವರು, ಒಳ್ಳೆಯ ಎಲೆ ತಂದ ಆರು ಜನ ರೈತರನ್ನು ಯೂರೋಪಿಗೆ ಕರೆದುಕೊಂಡು ಹೋಗುತ್ತೇವೆಂದರು. ಕಾಗದ ಬಂದದ್ದು ಸ್ವಾಮಣ್ಣನ ಹೆಸರಿಗೆ. ಸ್ವಾಮಣ್ಣನಾದರೋ ಪಿರಿಯಾಪಟ್ಟಣ ತಲುಪುವುದರೊಳಗೆ ಬಸ್ಸಿನ ಕಿಟಕಿಯಿಂದ ಎರಡು ಸಲ ತಲೆ ಹೊರಹಾಕುವ ಮನುಷ್ಯ. ವಿಮಾನದ ಕಿಟಕಿ ತೆಗೆಯಲು ಬರುವುದಿಲ್ಲವೆಂದು ತಿಳಿದ ಕೂಡಲೇ ಹೆಂಡತಿಯ ಹೆಸರು ಬರೆಸಿದ.

ತಾಯಮ್ಮ ನಮ್ಮ ಜಗಲಿಗೆ ಬಂದದ್ದು ಹೊರಡುವುದಕ್ಕೆ ಹದಿನೈದು ದಿನ ಮುಂಚೆ. ಉಳಿದ ದಿನವೆಲ್ಲ ಕಂಪನಿಯವರ ಕಾರ್ಖಾನೆ, ಊಟ, ಭಾಷಣ. ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಮಂಗಳವಾರ ಮಾತ್ರ ಬಿಡುವು, ಅವತ್ತು ನೀವು ಹೇಳಿದ ಕಡೆ ಕರೆದೊಯ್ಯುತ್ತೇವೆ ಎಂದಿದ್ದರಂತೆ.

“ಒಂದೇ ದಿನ ಸಿಕ್ಕೋದು ಮೇಷ್ಟ್ರೆ,” ಎಂದಳು. “ಇನ್ನೊಂದ್ ಸಲ ನನ್ನ ಯಾರೂ ಕರ್ಕೊಂಡೋಗಕಿಲ್ಲ. ಅದು ದಂಡ ಆಗ್ಬಾರ್ದು ಕಣ್ರೀ. ಏನೇನ್ ನೋಡ್ಬೇಕು ಅಂತ ನೀವೇ ಬರ್ಕೊಡಿ.”

ಗೊತ್ತಿಲ್ಲ ಎನ್ನಬಹುದಿತ್ತು. ಪ್ಯಾರಿಸ್ ಎಂದರೆ ನನಗೆ ಫ್ರಾನ್ಸಿನ ಮಹಾಕ್ರಾಂತಿಯ ಪಾಠ, ಕರಿಹಲಗೆಯ ಮೇಲೆ ಇಪ್ಪತ್ತೆರಡು ವರ್ಷ ಚುಕ್ಕಿ ಇಟ್ಟು ತೋರಿಸಿದ ಜಾಗ, ಅಷ್ಟೆ. ಒಳಗಿನಿಂದ ನನ್ನ ಹೆಂಡತಿ ಸರೋಜ ಕೇಳಿಸಿಕೊಂಡು, ಮೈಸೂರಿನ ಬಸ್ ನಿಲ್ದಾಣದಲ್ಲಿ ಇಳಿದು ಅರಮನೆ ಯಾವ ಕಡೆ ಎಂದು ಕಡಲೆಕಾಯಿ ಮಾರುವವನನ್ನು ಕೇಳಿದವರು ಇವರೇ ಎಂದು ಗೋಡೆಗೆ ಹೇಳಿದಳು. ನಾನು ತಾಯಮ್ಮನಿಗೆ ಬರೆದುಕೊಡುತ್ತೇನೆ ಎಂದೆ. ಮಾರನೆಯ ಭಾನುವಾರ ಮೈಸೂರಿನ ಗ್ರಂಥಾಲಯಕ್ಕೆ ಹೋಗಿ ವಿಶ್ವಕೋಶ ತೆಗೆದು ಕೂತೆ.

ಕೂತವನು ಸಾಯಂಕಾಲದವರೆಗೆ ಏಳಲಿಲ್ಲ. ಅದು ಎಂಥ ಊರು ಎಂದು ನನಗೆ ಅಂದೇ ತಿಳಿದದ್ದು. ನಮ್ಮ ಕಡೆಯ ಊರುಗಳು ಹೊಳೆಗೆ ಬೆನ್ನು ಹಾಕಿ ಕೂರುತ್ತವೆ, ಕಸ ಚೆಲ್ಲಲು ಮಾತ್ರ ಅತ್ತ ತಿರುಗುತ್ತವೆ. ಆ ಊರು ತನ್ನ ಹೊಳೆಗೆ ಮುಖ ಕೊಟ್ಟು ಕೂತಿದೆ. ಸೇತುವೆಯೊಂದು ಮುಗಿಯುವುದರೊಳಗೆ ಇನ್ನೊಂದು. ಹೊಳೆಯ ನಡುಗಡ್ಡೆಯ ಮೇಲೆ ಎರಡು ಗೋಪುರದ ಹಳೆಯ ಚರ್ಚು. ಒಂದು ಬೀದಿಯ ತುದಿಯಲ್ಲಿ ನಿಂತರೆ ಇನ್ನೊಂದು ತುದಿಯ ಕಮಾನು ಕಾಣುವಂತೆ ನೂಲು ಹಿಡಿದು ಎಳೆದ ರಸ್ತೆ. ನಕ್ಷೆಯ ಮೇಲೆ ನಾನೂ ನೂಲು ಹಿಡಿದು ದೂರ ಅಳೆದೆ. ಹನ್ನೊಂದು ಜಾಗಗಳ ಪಟ್ಟಿ ಮಾಡಿದೆ. ಕ್ರಮವನ್ನು ಮಾತ್ರ ನಮ್ಮೂರಿನ ದೇವರ ಬೆಟ್ಟದಿಂದ ಪಡೆದೆ. ನಮ್ಮ ಬೆಟ್ಟ ಹತ್ತುವವರು ಕತ್ತಲಿರುವಾಗಲೇ ಎದ್ದು, ಸ್ನಾನ ಮಾಡಿ, ಖಾಲಿ ಹೊಟ್ಟೆಯಲ್ಲಿ, ಮೆಟ್ಟಿಲು ಕಾಯುವ ಮೊದಲು ಹತ್ತಿ, ದರ್ಶನ ಮಾಡಿ ಇಳಿದು ಬಂದು ತಿಂಡಿ ತಿನ್ನುತ್ತಾರೆ. ಹಾಗೆಯೇ ಬರೆದೆ: ಬೆಳಗ್ಗೆ ಐದಕ್ಕೆ ಎದ್ದು ಸ್ನಾನ, ಆರಕ್ಕೆ ಕಬ್ಬಿಣದ ಗೋಪುರ, ಬಿಸಿಲೇರುವ ಮೊದಲು ಮೆಟ್ಟಿಲಿನಲ್ಲೇ ಹತ್ತುವುದು, ಇಳಿದ ಮೇಲೆ ತಿಂಡಿ. ಎರಡನೆಯದು ಜಗತ್ತಿನ ಅತಿ ದೊಡ್ಡ ಚಿತ್ರಶಾಲೆ, ಅಲ್ಲಿ ಮೂರು ಗಂಟೆ. ಆಮೇಲೆ ಉಳಿದ ಒಂಬತ್ತು. ಪಟ್ಟಿ ಓದಿದ ಸ್ವಾಮಣ್ಣ, ಕರೆಂಟ್ ಕಂಬ ಹತ್ತಲು ಅಷ್ಟು ದೂರ ಯಾಕೆ ಹೋಗಬೇಕು, ಕೊಪ್ಪದ ದಾರಿಯಲ್ಲಿ ನಿಂತಿಲ್ಲವೇ ಎಂದ. ತಾಯಮ್ಮ ಪಟ್ಟಿಯನ್ನು ಮಡಿಸಿ, ಪಿರಿಯಾಪಟ್ಟಣದಲ್ಲಿ ಜೆರಾಕ್ಸ್ ಮಾಡಿಸಿ, ಜೊತೆಗೆ ಹೊರಟ ಐವರು ಗಂಡಸರಿಗೂ ಒಂದೊಂದು ಕೊಟ್ಟಳು. ನನ್ನ ಅಕ್ಷರ ಆರು ಪ್ರತಿಗಳಲ್ಲಿ ಯೂರೋಪಿಗೆ ಹೊರಟಿತು.

ನವೆಂಬರಿನ ಆ ಸೋಮವಾರ ನಾನು ತರಬೇತಿಗೆಂದು ಹುಣಸೂರಿಗೆ ಹೋಗಿದ್ದೆ. ಅಲ್ಲಿ ಹೊಸದಾಗಿ ಇಂಟರ್‌ನೆಟ್ ಅಂಗಡಿ ಬಂದಿತ್ತು. ನಾಳೆ ತಾಯಮ್ಮ ನೋಡುವ ಚಿತ್ರಶಾಲೆಯನ್ನು ನಾನು ಇವತ್ತೇ ನೋಡೋಣವೆಂದು ಒಳಗೆ ಹೋದೆ. ಪುಟ ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯಿತು. ಮೊದಲು ಆಕಾಶ, ಆಮೇಲೆ ಗಾಜಿನ ತ್ರಿಕೋನ, ಆಮೇಲೆ ಅರಮನೆಯಂಥ ಕಟ್ಟಡ. ಕೊನೆಯಲ್ಲಿ ಬಂದ ಗೆರೆಯನ್ನು ನಾನು ಮೂರು ಸಲ ಓದಿದೆ. ಮಂಗಳವಾರ ರಜೆ.

ತಾಯಮ್ಮ ಇದ್ದ ಹೋಟೆಲಿನ ಹೆಸರು ನನಗೆ ಗೊತ್ತಿರಲಿಲ್ಲ. ಪಿರಿಯಾಪಟ್ಟಣದ ಕಂಪನಿ ಕಚೇರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ಬಸ್ಸಿನಲ್ಲಿ ಬರುತ್ತ ಎರಡನೆಯ ತಪ್ಪೂ ಹೊಳೆಯಿತು. ಉತ್ತರಕ್ಕೆ ಹೋದಷ್ಟೂ ಚಳಿಗಾಲದಲ್ಲಿ ಹೊತ್ತು ತಡವಾಗಿ ಹುಟ್ಟುತ್ತದೆ ಎಂದು ಒಂಬತ್ತನೆಯ ತರಗತಿಗೆ ಪ್ರತಿ ವರ್ಷ ಚಿತ್ರ ಬಿಡಿಸಿ ಹೇಳುವವನು ನಾನೇ. ಆರು ಗಂಟೆಗೆ ಅಲ್ಲಿ ಕಗ್ಗತ್ತಲು. ಬಿಸಿಲೇರುವ ಮೊದಲು ಎಂದು ಬರೆದಿದ್ದೆ. ನವೆಂಬರಿನಲ್ಲಿ ಅಲ್ಲಿ ಏರುವುದಕ್ಕೆ ಬಿಸಿಲಾದರೂ ಎಲ್ಲಿದೆ? ಮನೆಗೆ ಬಂದು ಸರೋಜಳಿಗೆ ಎಲ್ಲ ಹೇಳಿದೆ. ಆಕೆ ನಗಲಿಲ್ಲ. ಅದರಿಂದ ನನಗೆ ಹೆದರಿಕೆ ಇನ್ನೂ ಹೆಚ್ಚಾಯಿತು.

ಮುಂದಿನ ವಾರ ತಾಯಮ್ಮ ಬಂದಳೆಂದು ತಿಳಿದ ಮೇಲೆ ಎರಡು ದಿನ ಆ ಬೀದಿಯಲ್ಲಿ ಹೋಗದೆ ಕೆರೆ ಏರಿಯ ಮೇಲೆ ಬಳಸಿಕೊಂಡು ಸ್ಕೂಲಿಗೆ ಹೋದೆ. ಮೂರನೆಯ ದಿನ ಸರೋಜ ನನ್ನನ್ನು ಮುಂದೆ ಬಿಟ್ಟುಕೊಂಡು ಅವರ ಮನೆಗೆ ಕರೆದೊಯ್ದಳು. ತಾಯಮ್ಮ ಎಲೆ ಗುಡ್ಡೆಗಳ ನಡುವೆ ಕೂತಿದ್ದಳು.

“ಅದೂ ನಮ್ಮ ಕ್ಷೌರದಂಗಡಿ ತರ ಮಂಗಳವಾರ ಬಾಗ್ಲಾಕ್ತದೆ ಮೇಷ್ಟ್ರೆ,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಇಲ್ಲಿಂದ ಮುಂದಿನದು ನಾನು ಕೇಳಿದ್ದು.

ಪಟ್ಟಿಯಲ್ಲಿದ್ದಂತೆ ಆರೂ ಜನ ಕತ್ತಲಲ್ಲೇ ಸ್ನಾನ ಮಾಡಿ ಖಾಲಿ ಹೊಟ್ಟೆಯಲ್ಲಿ ಗೋಪುರದ ಕೆಳಗೆ ನಿಂತರಂತೆ. ಮೂರೂವರೆ ಗಂಟೆ ನಿಂತ ಮೇಲೆ ಬಾಗಿಲು ತೆಗೆದರಂತೆ. ಗಂಡಸರು ಲಿಫ್ಟಿನಲ್ಲಿ ಹೋದರೆ ತಾಯಮ್ಮ ಒಬ್ಬಳೇ ಮೆಟ್ಟಿಲು ಹತ್ತಿದಳು, ನಾನು ಬರೆದಿದ್ದೆನೆಂದು. ಮೇಲಿಂದ ಆ ಊರು ಒಂದೇ ಬಣ್ಣದ ಛಾವಣಿಗಳಾಗಿ ಹರಡಿತ್ತಂತೆ. ಅಷ್ಟು ಮನೆ ಕಟ್ಟಿದವರು ಅಷ್ಟೂ ಜನ ಒಂದೇ ಮಾತಿಗೆ ಬಂದರಲ್ಲ ಎಂದು ಆಕೆಗೆ ಅದೇ ದೊಡ್ಡ ಆಶ್ಚರ್ಯ. ಆಮೇಲೆ ಚಿತ್ರಶಾಲೆಯ ಮುಚ್ಚಿದ ಬಾಗಿಲು. ಗಂಡಸರು ಪಟ್ಟಿಯನ್ನು ಜೇಬಿಗೆ ಹಾಕಿ, ಕಂಪನಿಯವರೊಂದಿಗೆ ಅಂಗಡಿಗಳಲ್ಲಿ ವಾಚು ನೋಡಲು ಹೊರಟರು. ತಾಯಮ್ಮ ಎದುರಿನ ತೋಟದಲ್ಲಿ ಕೂತಿರುತ್ತೇನೆ ಎಂದಳು.

ತೋಟದ ತುಂಬ ಕಬ್ಬಿಣದ ಕುರ್ಚಿಗಳು. ಯಾರು ಬೇಕಾದರೂ ಕೂರಬಹುದು, ಬೇಕಾದ ಕಡೆ ಎಳೆದುಕೊಳ್ಳಬಹುದು. ಅಲ್ಲಿ ಕೂತು ನೋಡಿದರೆ ಒಂದು ಕಡೆ ಗೋಪುರದ ತುದಿ, ಎದುರಿಗೆ ಕಲ್ಲಿನ ಕಂಬ, ಅದರಾಚೆ ಕಮಾನು, ಬೆನ್ನಿಗೆ ಚಿತ್ರಶಾಲೆಯ ಅರಮನೆ. ನನ್ನ ಹನ್ನೊಂದರಲ್ಲಿ ನಾಲ್ಕು ಜಾಗಗಳಿಗೆ, ನೋಡಿಯಾಯಿತೆಂದು, ಕೂತಲ್ಲೇ ಗೆರೆ ಎಳೆದಳು. ಆಮೇಲೆ ಕೆಳಗೆ ನೋಡಿದಳು. ನೆಲದ ತುಂಬ ಉದುರಿದ ಎಲೆ. ನಿಂಬೆ ಬಣ್ಣ, ಕಿತ್ತಳೆ ಬಣ್ಣ, ಕಂದು.

“ಕೈ ಸುಮ್ನಿರ್ಲಿಲ್ಲ ಕಣ್ರೀ,” ಎಂದಳು. “ಗುಡ್ಡೆ ಆಕ್ಕಂಡ್ ಕೂತೆ. ಒಬ್ರು ಅಜ್ಜಿ ಬಂದ್ರು, ಬಿಳೀ ಕೂದ್ಲು, ಕೈಗೆ ಚೀಲ. ನೋಡ್ತಾ ನಿಂತ್ಕಂಡ್ರು. ಆಮೇಲೆ ಅವ್ರೂ ಒಂದ್ ಕುರ್ಚಿ ಎಳ್ಕಂಡ್ ಕೂತ್ರು.”

ಅಜ್ಜಿ ಒಂದು ಎಲೆ ಎತ್ತಿ ನಿಂಬೆ ಬಣ್ಣದ ಗುಡ್ಡೆಗೆ ಹಾಕಿದರಂತೆ. ಅದರ ನರದ ಪಕ್ಕ ಹಸಿರು ಉಳಿದಿತ್ತು. ತಾಯಮ್ಮ ಅದನ್ನು ತೆಗೆದು, ಬೆರಳಿಟ್ಟು ಹಸಿರು ತೋರಿಸಿ, ದೂರದ ಗುಡ್ಡೆಗೆ ಹಾಕಿದಳು. ಅಜ್ಜಿ ಕನ್ನಡಕ ತೆಗೆದು ಹಾಕಿಕೊಂಡು, ಆ ಎಲೆಯನ್ನು ಎರಡೂ ಕಡೆ ತಿರುಗಿಸಿ ನೋಡಿ, ತಲೆಯಾಡಿಸಿದರು. ಮತ್ತೆ ತಪ್ಪಲಿಲ್ಲ. ಇಬ್ಬರ ನಡುವೆ ಒಂದು ಮಾತೂ ಆಗಲಿಲ್ಲ. ಎರಡು ಗಂಟೆ ಕಳೆದು ಕಂಪನಿಯವರು ಹುಡುಕಿಕೊಂಡು ಬಂದಾಗ ಮರದ ಬುಡದಲ್ಲಿ ನಾಲ್ಕು ಗುಡ್ಡೆಗಳಿದ್ದವು, ಕಸ ಗುಡಿಸುವವನು ಪೊರಕೆ ಹಿಡಿದು, ಗುಡಿಸಲು ಮನಸ್ಸಾಗದೆ ನಿಂತಿದ್ದನಂತೆ.

“ಆ ಊರ್ನೋರ್ ಜೊತೆ ಕೂಡ್ಕಂಡು ಕೆಲ್ಸ ಮಾಡ್ಬಂದೆ,” ಎಂದಳು. “ಇದ್ಕಿಂತ ಏನ್ ನೋಡ್ಬೇಕಿತ್ತು?”

ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಎಂಟು ದಿನಗಳ ಮೇಲೆ ಹಸಿವಾಯಿತು.

ಮರುವರ್ಷ ಕೆ.ಆರ್. ನಗರದ ಕಡೆಯ ರೈತರೊಬ್ಬರು ಅದೇ ಪ್ರವಾಸಕ್ಕೆ ಹೊರಟು, ಹೆಸರು ಕೇಳಿಕೊಂಡು ನನ್ನನ್ನು ಹುಡುಕಿ ಬಂದರು. ನಾನು ಮೊದಲ ಸಲ ಗೊತ್ತಿಲ್ಲ ಎಂದೆ, ಮತ್ತು ಅವರನ್ನು ತಾಯಮ್ಮನ ಮುಂದೆ ಕೂರಿಸಿದೆ. ಆಕೆ ಹೇಳಿದಳು, ನಾನು ಬರೆದೆ. ಹೊಟ್ಟೆಗೆ ತಿಂದೇ ಹೊರಡಿ. ಮೆಟ್ಟಿಲಿನಲ್ಲೇ ಹತ್ತಿ. ಚಿತ್ರಶಾಲೆಯ ಮುಂದಿನ ತೋಟದಲ್ಲಿ ಕುರ್ಚಿಗೆ ಕಾಸು ಕೊಡಬೇಕಿಲ್ಲ, ಎಷ್ಟು ಹೊತ್ತಾದರೂ ಕೂರಿ. ಎಲ್ಲ ಮುಗಿದ ಮೇಲೆ, ಮೇಷ್ಟ್ರ ಪಾಲು ಒಂದಾದರೂ ಇರಲೆಂದು, ಕೊನೆಯಲ್ಲಿ ನಾನೇ ಒಂದು ಸಾಲು ಸೇರಿಸಿ ಓದಿದೆ: ಚಿತ್ರಶಾಲೆಗೆ ಮಂಗಳವಾರ ರಜೆ.

“ಅದೊಂದ್ ಬ್ಯಾಡ, ಒಡ್ದಾಕಿ ಮೇಷ್ಟ್ರೆ,” ಎಂದಳು ತಾಯಮ್ಮ. “ಗೊತ್ತಾದ್ರೆ ಬ್ಯಾರೆ ದಿನ ಬಂದು ಒಳಿಕ್ಕೆ ಓಗ್ಬುಡ್ತಾರೆ.”

ಕಾಣದ ಹನ್ನೊಂದು ಜಾಗಗಳನ್ನು ಕೈ ನಡುಗದೆ ಬರೆದಿದ್ದವನು ನಾನು. ಆ ಊರಿನ ಬಗ್ಗೆ ನನಗೆ ಖಂಡಿತವಾಗಿ ಗೊತ್ತಿದ್ದ ಒಂದೇ ಒಂದು ಸಂಗತಿಯ ಮೇಲೆ, ಸ್ಕೇಲು ಇಟ್ಟು, ನೇರವಾಗಿ ಗೆರೆ ಎಳೆದೆ.